ಭೋಸರಿಯಲ್ಲಿ ಮೂವತ್ತೈದು ನಿಮಿಷ

ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಬೆಳಗಿನ ಆರೂವರೆಯ ಬಸ್ಸು ಹಿಡಿದೆ. ಮಹಾರಾಷ್ಟ್ರದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಸುಮಾರು ನಲವತ್ತು ಕಿಲೊಮೀಟರ್ ದಾರಿ. ಕಿಟಕಿಯಾಚೆ ತೊಗರಿ ಹೊಲಗಳ ಮೇಲೆ ಜಿಟಿಜಿಟಿ ಮಳೆ. ನಾನು ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಸೋಲಾಪುರ ಬರುವಷ್ಟರಲ್ಲಿ ಪರ್ಸಿನೊಳಗಿನ ಪೆನ್‌ಡ್ರೈವ್ ಇದೆಯೋ ಇಲ್ಲವೋ ಎಂದು ನಾಲ್ಕು ಸಲ ಮುಟ್ಟಿ ನೋಡಿಕೊಂಡೆ.

ನಾನು ಈ ಗಡಿಭಾಗದ ಕನ್ನಡ ಶಾಲೆಯೊಂದರ ಗಣಿತ ಶಿಕ್ಷಕಿ. ವಯಸ್ಸು ಐವತ್ಮೂರು. ಜೂನ್‌ನಲ್ಲಿ ನಮ್ಮ ಶಾಲೆಗೆ ಡಿಜಿಟಲ್ ಬೋರ್ಡು ಬಂದಿತ್ತು, ಬೆರಳಿನಿಂದಲೇ ಬರೆಯುವ ದೊಡ್ಡ ಪರದೆ. ಬಳಸಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ತರಬೇತಿಯಲ್ಲಿ ಪಾಸಾದ ಶಿಕ್ಷಕರು ಒಬ್ಬರಾದರೂ ಇಲ್ಲದಿದ್ದರೆ ಬೋರ್ಡನ್ನು ಬೇರೆ ಶಾಲೆಗೆ ಕೊಡುತ್ತೇವೆಂದು ಶಿಕ್ಷಣ ಇಲಾಖೆಯಿಂದ ಪತ್ರ ಬಂತು. "ಬಾಯಾರ, ನೀವ ಹೋಗಿ ಬರ್ರಿ. ಇದೂ ಹೋತಂದ್ರ ಇದ್ದ ಮಕ್ಕಳೂ ಇಂಗ್ಲಿಷ್ ಶಾಲಿಗೆ ಹೋಗ್ತಾವ," ಎಂದರು ಮುಖ್ಯಾಧ್ಯಾಪಕರು. ಪುಣೆಯಲ್ಲಿ ಎರಡು ದಿನ ತರಬೇತಿ. ಮೂರನೆಯ ದಿನ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕು. ಆ ಪಾಠವೇ ಪೆನ್‌ಡ್ರೈವಿನಲ್ಲಿತ್ತು.

ಸೋಲಾಪುರದಿಂದ ರೈಲಿನಲ್ಲಿ ಪುಣೆ ತಲುಪುವಾಗ ಮಧ್ಯಾಹ್ನ ಎರಡಾಗಿತ್ತು. ತರಬೇತಿ ನಡೆಯುವ ಭೋಸರಿಗೆ ಮೆಟ್ರೊ ಹಿಡಿಯಬೇಕು. ಟಿಕೆಟ್ ಕೊಡುವ ಯಂತ್ರದ ಪರದೆಯನ್ನು ಮೂರು ಸಲ ಒತ್ತಿದೆ, ಏನೂ ಆಗಲಿಲ್ಲ. ಹಿಂದೆ ಸಾಲು ಬೆಳೆಯಿತು. ಯಾರೋ ನಿಟ್ಟುಸಿರು ಬಿಟ್ಟರು. ಸರಿದು ನಿಂತು, ಕೌಂಟರಿಗೆ ಹೋಗಿ ಟಿಕೆಟ್ ತೆಗೆಸಿದೆ. ಇದನ್ನೇ ಒತ್ತಲಾಗದವಳು ಬೋರ್ಡು ನಡೆಸುವುದೆಂತು?

ಸಂಜೆ ಭೋಸರಿಯ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಕುಂದಾಪುರ ಕಡೆಯ ಯಜಮಾನರು ನನ್ನ ಫೋನಿನ ಮಾತು ಕೇಳಿಸಿಕೊಂಡು, "ಟೀಚರ್ ಅಲ್ವಾ? ಒಂದೇ ಇಡ್ಲಿ ತಿಂದದ್ದು ನೀವು. ಪರೀಕ್ಷೆ ಇದ್ದ ಹಾಗೆ ಕಾಣ್ತದೆ," ಎಂದರು. ಹೌದೆಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ತರಬೇತಿ ನಡೆದದ್ದು ಶಾಲೆಯೊಂದರ ಎರಡನೆಯ ಮಹಡಿಯಲ್ಲಿ. ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುವ ಸದ್ದು. ಕಲಿಸುವವರು ವೈಶಾಲಿ ಎಂಬ ಮೂವತ್ತರ ಒಳಗಿನ ಮರಾಠಿ ಹೆಣ್ಣುಮಗಳು. ಕಲಿಯುವವರಲ್ಲಿ ಬಹಳಷ್ಟು ಮಂದಿ ಅವರದೇ ವಯಸ್ಸಿನವರು. ನನ್ನ ತೊಂದರೆ ಮೊದಲ ದಿನವೇ ಬಯಲಾಯಿತು. ಮೂವತ್ತು ವರ್ಷ ಕರಿಹಲಗೆಗೆ ಅಂಗೈ ಆನಿಸಿ ಬರೆದು ರೂಢಿ. ಈ ಬೋರ್ಡಿಗೆ ಅಂಗೈ ತಗುಲಿದರೆ ಅದನ್ನು ಡಸ್ಟರ್ ಎಂದೇ ತಿಳಿಯುತ್ತದೆ. ನಾನು ಬರೆದದ್ದನ್ನು ನಾನೇ ಅಳಿಸುತ್ತ ಹೋದೆ. "ಹಾತ್ ವರ್, ಬಾಯಿ, ಹಾತ್ ವರ್," ಎಂದು ವೈಶಾಲಿ ಎರಡು ದಿನವೂ ಹೇಳಿದರು. ಕೈ ಮೇಲೆತ್ತಿ, ಬಾಯಾರೇ ಎಂದು.

ಮೂರನೆಯ ದಿನ ನನ್ನನ್ನು ಹತ್ತಿರದ ಕನ್ನಡ ಶಾಲೆಯ ಐದನೆಯ ತರಗತಿಗೆ ಕಳಿಸಿದರು. ಮಕ್ಕಳ ಅಪ್ಪ ಅವ್ವಂದಿರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೂವತ್ತೈದು ನಿಮಿಷ, ವಿಷಯ ಭಿನ್ನರಾಶಿ. ವೈಶಾಲಿ ಕೊನೆಯ ಬೆಂಚಿನಲ್ಲಿ ಅಂಕಪಟ್ಟಿ ಹಿಡಿದು ಕೂತರು. ಅಲ್ಲಿನ ಬೋರ್ಡಿಗೆ ಪೆನ್‌ಡ್ರೈವ್ ಹಾಕಿ ಪಾಠ ತೆರೆದೆ. ಎರಡು ವಾರ ಕೂತು ಟೈಪ್ ಮಾಡಿದ್ದ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ಕಲಸುಮೇಲೋಗರ.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಕೇಳಿದಳು: "ಟೀಚರ್, ಇದಕ್ಕ ನಮ್ ಭಾಷಾ ಬರಲ್ಲೇನ್ರಿ?"

"ಬರೂದಿಲ್ಲವ್ವ. ನಾವ ಕಲಸೂಣು, ಬಾ," ಎಂದುಬಿಟ್ಟೆ. ಪಾಠ ಮುಚ್ಚಿ, ಖಾಲಿ ಪರದೆಯ ಮೇಲೆ ಬೆರಳಿನಿಂದ ರೊಟ್ಟಿಯೊಂದನ್ನು ಬರೆದು ನಾಲ್ಕು ಪಾಲು ಮಾಡಲು ಹೇಳಿದೆ. ಅವಳು ಬಂದವಳೇ ಅಂಗೈ ಊರಿದಳು. ಅರ್ಧ ರೊಟ್ಟಿ ಮಾಯ. ತರಗತಿ ಗೊಳ್ಳೆಂದಿತು, ಹುಡುಗಿಯ ಕಣ್ಣು ತುಂಬಿತು. "ಅಂಜಬ್ಯಾಡ, ನಿನ್ನಿ ನಾ ಪೂರಾ ಲೆಕ್ಕಾನ ಅಳಿಸೀನಿ," ಎಂದು ಅವಳ ಮಣಿಕಟ್ಟನ್ನು ಸ್ವಲ್ಪ ಮೇಲೆತ್ತಿ ಹಿಡಿದೆ. ಗೆರೆ ಮೂಡಿತು. ಪಾಲಿಗೆ 'ಕಾಲು' ಎಂದು ಅವಳೇ ಬರೆದಳು. ಆಮೇಲೆ ಪಾಲು ಹಾಕಲು ಎಲ್ಲರೂ ಎದ್ದು ಬಂದರು. ನಾನು ಗಡಿಯಾರ ನೋಡುವಷ್ಟರಲ್ಲಿ ಗಂಟೆ ಹೊಡೆಯಿತು. ವಿಡಿಯೊ ತೋರಿಸಿರಲಿಲ್ಲ, ಪ್ರಶ್ನೋತ್ತರ ಆಡಿಸಿರಲಿಲ್ಲ.

ಹೊರಗೆ ವೈಶಾಲಿ ಅಂಕಪಟ್ಟಿ ತೋರಿಸಿದರು. ಪಾಸಾಗಲು ಬೋರ್ಡಿನ ಐದು ಸಾಧನ ಬಳಸಬೇಕಿತ್ತು. ನಾನು ಬಳಸಿದ್ದು ಬೆರಳಿನಿಂದ ಬರೆಯುವುದೊಂದೇ. "ಪಾಠ ನನಗೆ ಬಹಳ ಹಿಡಿಸಿತು," ಎಂದು ಮರಾಠಿಯಲ್ಲಿ ಹೇಳಿ, ತಲೆ ತಗ್ಗಿಸಿ, "ಪಣ್ ಪುನ್ಹಾ ಯಾವಂ ಲಾಗೇಲ್, ಬಾಯಿ," ಎಂದರು. ಇನ್ನೊಮ್ಮೆ ಬರಬೇಕು. ಒಂದೇ ಅವಕಾಶ, ಮುಂದಿನ ತಿಂಗಳು. ಆಮೇಲೆ ಊಟ ಬಿಟ್ಟು ನನ್ನ ಪಕ್ಕ ಕೂತರು. ನಾನು ಟೈಪ್ ಮಾಡಿದ ಅಕ್ಷರಶೈಲಿ ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಇರುವಂಥದು. ಎಲ್ಲ ಯಂತ್ರದಲ್ಲೂ ಕಾಣುವ ಕನ್ನಡವನ್ನು ನನ್ನ ಫೋನಿನಲ್ಲಿ ಟೈಪ್ ಮಾಡಿಸಿ ಕಲಿಸಿದರು. ಕಲಿತೆ.

ಸಂಜೆ ರೈಲಿನಲ್ಲಿ ಕೂತಾಗ ಮುಖ್ಯಾಧ್ಯಾಪಕರ ಫೋನು ಬಂತು.

"ಏನಾತ್ರಿ ಬಾಯಾರ?"

"ಆಗಲಿಲ್ರಿ ಸರ್. ಮುಂದಿನ ತಿಂಗಳ ಇನ್ನೊಮ್ಮಿ ಬಾ ಅಂದಾರ. ಅಲ್ಲೀತನಕ ಬೋರ್ಡು ಇರ್ತದಂತ."

"ನಿಮಗ ಭಾಳ ತ್ರಾಸ ಆತು. ಮತ್ತ ಹೋಗ್ತೀರೇನ್ರಿ?"

ರೈಲು ಅಲುಗಿತು. ಪುಣೆಯ ಪ್ಲಾಟ್‌ಫಾರ್ಮು ಹಿಂದೆ ಸರಿಯತೊಡಗಿತು.

"ಹೋಗ್ತೀನ್ರಿ ಸರ್," ಎಂದೆ. "ಅಲ್ಲೊಂದು ಹುಡುಗಿ ಹೆಸರು ಕೇಳೂದು ಮರತ ಬಂದೀನಿ."