ಮಂಡಕಳ್ಳಿಯ ಕಾಫಿ ರೇವ್‌ನಲ್ಲಿ ತಂಗಿಯ ಜೊತೆ

ಭಾನುವಾರ ಬೆಳಗ್ಗೆ ಕೆಸರೆಯಿಂದ ಹೊರಟಾಗ ಇನ್ನೂ ಚಳಿಯಿತ್ತು. ಜೊತೆಗಿದ್ದವಳು ತಂಗಿ ಚೈತ್ರಾ. ಹುಟ್ಟಿನಿಂದಲೂ ಅವಳಿಗೆ ಕಿವಿ ಕೇಳಿಸದು. ಹೊರಟಿದ್ದು ಮಂಡಕಳ್ಳಿ ಹತ್ತಿರದ ತೋಟವೊಂದರಲ್ಲಿ ನಡೆಯುವ ಕಾಫಿ ರೇವ್‌ಗೆ. ಮದ್ಯದ ಬದಲು ಕಾಫಿ ಕುಡಿದು, ಬೆಳಗ್ಗೆಯೇ ದೊಡ್ಡ ಸಂಗೀತಕ್ಕೆ ಕುಣಿಯುವ ಪಾರ್ಟಿಯದು. ಮೊಬೈಲಿನಲ್ಲಿ ಅದರ ವಿಡಿಯೊ ನೋಡಿದಂದಿನಿಂದ ಹೋಗಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಅಮ್ಮನಿಗೆ ರೇವ್ ಎಂದರೆ ಪೇಪರಿನಲ್ಲಿ ಬರುವ ಪೊಲೀಸ್ ದಾಳಿ. ಅದಕ್ಕಿಂತ ಹೆಚ್ಚಾಗಿ, ಹಾಡೇ ಕೇಳಿಸದವಳು ಅಷ್ಟು ಜನರ ನಡುವೆ ನಗೆಪಾಟಲಾದಾಳು ಎಂಬ ಚಿಂತೆ. ಆ ಚಿಂತೆ ನನಗೂ ಇತ್ತು.

ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು, ಬಸ್ ಬದಲಾಯಿಸಿ ನಂಜನಗೂಡು ರಸ್ತೆ ಹಿಡಿದೆವು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ದಾರಿಯ ಖರ್ಚು ಇಡ್ಲಿಯದಷ್ಟೇ. ಬಸ್ಸಿಳಿದು ಸ್ವಲ್ಪ ನಡೆದರೆ ತೋಟ. ಚೈತ್ರಾ ಕಬ್ಬಿಣದ ಗೇಟಿನ ಮೇಲೆ ಅಂಗೈ ಇಟ್ಟು ಹಾಗೇ ನಿಂತುಬಿಟ್ಟಳು. ನಾನೂ ಮುಟ್ಟಿ ನೋಡಿದೆ. ಗೇಟು ಸಣ್ಣಗೆ ನಡುಗುತ್ತಿತ್ತು.

ಮಾವಿನ ಮರಗಳ ಕೆಳಗೆ ಜನ ಫಿಲ್ಟರ್ ಕಾಫಿಯ ಲೋಟ ಹಿಡಿದೇ ಕುಣಿಯುತ್ತಿದ್ದರು. ಸಿದ್ಧಾರ್ಥನಗರದ ನಿಸರ್ಗಾ ಎಂಬ ಹುಡುಗಿ ನಮ್ಮನ್ನು ಎದುರುಗೊಂಡಳು. ಅವಳ ಮೊಣಕೈವರೆಗೂ ಬಣ್ಣದ ಮಣಿಬಳೆಗಳು. ತಂಗಿಗೆ ಕೇಳಿಸುವುದಿಲ್ಲವೆಂದು ನಾನು ಹೇಳುತ್ತಿದ್ದಂತೆ ಅವಳು ಚೈತ್ರಾಳತ್ತ ತಿರುಗಿದಳು. ಎರಡು ಬೆರಳೆತ್ತಿ ಅವಳ ಬೆರಳಿಗೆ ತಾಗಿಸಿದಳು. ಆಮೇಲೆ ಇಬ್ಬರ ಕೈ ಸೇರಿ ಒಂದು ಹೃದಯ. ಆಮೇಲೆ ಅಂಗೈಗೆ ಅಂಗೈ. ಕೊನೆಗೆ ಬೆರಳಿಗೆ ಬೆರಳು ಹೆಣೆದು, ತನ್ನ ಒಂದು ಮಣಿಬಳೆಯನ್ನು ಚೈತ್ರಾಳ ಕೈಗೆ ಜಾರಿಸಿದಳು.

ನಾಲ್ಕು ಸನ್ನೆಗೆ ನಾಲ್ಕು ಅರ್ಥ: ಶಾಂತಿ, ಪ್ರೀತಿ, ಒಗ್ಗಟ್ಟು, ಗೌರವ. ಇವುಗಳ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಅವರು 'ಪ್ಲರ್' ಎನ್ನುತ್ತಾರಂತೆ. ಬಳೆಯ ಹೆಸರು 'ಕ್ಯಾಂಡಿ', ಅದನ್ನು ಕೊಂಡು ತರುವುದಿಲ್ಲವಂತೆ, ಒಬ್ಬರ ಕೈಯಿಂದ ಒಬ್ಬರಿಗೆ ಬರಬೇಕಂತೆ.

"ಈ ಸೌಂಡಲ್ಲಿ ಯಾರ ಮಾತೂ ಯಾರಿಗೂ ಕೇಳ್ಸಲ್ಲ ಅಕ್ಕ," ನನ್ನ ಕಿವಿಯ ಹತ್ತಿರ ಬಂದು ಕೂಗಿದಳು ನಿಸರ್ಗಾ. "ಅದಕ್ಕೇ ಎಲ್ಲಾ ಕೈಯಲ್ಲೇ."

ಚೈತ್ರಾ ನನ್ನ ಕಡೆ ನೋಡಿ ಸನ್ನೆ ಮಾಡಿದಳು: ಇವರಿಗೆ ನಮ್ಮ ಭಾಷೆ ಬರುತ್ತೆ.

ಅವಳು ಸ್ಪೀಕರಿನ ಪಕ್ಕ ಕಣ್ಣು ಮುಚ್ಚಿ ಕುಣಿಯತೊಡಗಿದಳು. ಒಮ್ಮೆ ಸಂಗೀತ ತೆಳುವಾಗುತ್ತಾ ಬಂತು, ಎಲ್ಲರೂ ನೆಲಕ್ಕೆ ಕೂತರು. ಅದು ಮತ್ತೆ ಒಮ್ಮೆಲೇ ಅಪ್ಪಳಿಸುವುದಕ್ಕೆ 'ಡ್ರಾಪ್' ಎನ್ನುತ್ತಾರೆ, ಕೂತವರು ಆಗ ಒಟ್ಟಿಗೆ ನೆಗೆಯಬೇಕು. ಚೈತ್ರಾಳಿಗೆ ಇದು ತಿಳಿಯದು. ಅಷ್ಟು ಜನರ ನಡುವೆ ಅವಳೊಬ್ಬಳೇ ನಿಂತಿದ್ದಳು.

ಯಾರೂ ನಗಲಿಲ್ಲ. ಅವಳ ಪಕ್ಕ ಕೂತಿದ್ದವನೊಬ್ಬ ಎದ್ದು ನಿಂತ. ಅವನ ಹಿಂದೆ ಇಬ್ಬರು. ನೋಡನೋಡುತ್ತಾ ಆ ಸುತ್ತಿನವರೆಲ್ಲ ಎದ್ದು, ಅವಳು ಒಂಟಿಯಾಗಿ ಕಾಣದ ಹಾಗೆ ನಿಂತರು. ಅವಳು ಕಣ್ಣು ತೆರೆದಾಗ ನಿಸರ್ಗಾ ಬೆರಳೆತ್ತಿ ಎಣಿಸುತ್ತಿದ್ದಳು: ಮೂರು, ಎರಡು, ಒಂದು. ನೆಲ ಅದುರಿತು. ತಂಗಿ ಎಲ್ಲರ ಜೊತೆ ನೆಗೆದಳು. ನಾನು ಯಾವಾಗ ಕುಣಿಯಲು ಶುರುಮಾಡಿದೆನೋ ಗೊತ್ತಿಲ್ಲ.

ಮಧ್ಯಾಹ್ನ ವಾಪಸ್ ಸಿಟಿ ಬಸ್ ಸ್ಟ್ಯಾಂಡಿಗೆ ಬಂದು ಕೆಸರೆಯ ಬಸ್ ಹತ್ತಿದಾಗಲೂ ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ಕಂಡಕ್ಟರ್ ಬಂದು ಏನೋ ಕೇಳಿದರು, ತುಟಿ ಆಡಿದ್ದಷ್ಟೇ ಕಂಡಿತು. ನಾನು ತಡವರಿಸುವಷ್ಟರಲ್ಲಿ ಚೈತ್ರಾ ಅವರ ತೋಳು ತಟ್ಟಿ, ಎರಡು ಬೆರಳು ತೋರಿಸಿ, ತನ್ನ ಆಧಾರ್ ಕಾರ್ಡಿನ ವಿಳಾಸದಲ್ಲಿ ಕೆಸರೆ ಎಂದಿದ್ದ ಕಡೆ ಬೆರಳಿಟ್ಟಳು. ಚೀಟಿ ಈಸಿಕೊಂಡು, ನನ್ನ ಕೈಗೂ ಒಂದು ಕೊಟ್ಟು, ಕಿಟಕಿಯ ಕಡೆ ತಿರುಗಿ ಕೂತಳು.