ಚೀಲಗಳಿಲ್ಲದ ಗೋದಾಮಿನಲ್ಲಿ ಶರಣಮ್ಮನ ದನಿ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ರಾಯಚೂರಿನ ಸೌಂಡ್ ಸಿಸ್ಟಮ್ ಅಂಗಡಿಯೊಂದರಲ್ಲಿ ಹಿರಿಯ ಆಪರೇಟರ್. ದೇವದುರ್ಗದಿಂದ ಮಾನ್ವಿಯವರೆಗೆ ಮದುವೆ, ಪ್ರವಚನ, ಭಾಷಣ ಏನೇ ಇರಲಿ, ಸ್ಪೀಕರ್ ನಿಲ್ಲಿಸಿ ಆಂಪ್ಲಿಫೈಯರ್ ಹದಗೊಳಿಸುವುದು ನನ್ನ ಕೆಲಸ. ಎಲ್ಲರ ಬೇಡಿಕೆಯೂ ಒಂದೇ: "ಎದಿ ನಡಗಬೇಕ್ರಿ!" ಎದೆಯ ವಿಚಾರ ಡಾಕ್ಟರ್ ನೋಡಿಕೊಳ್ಳಲಿ, ಮಾತು ಕಿವಿಗೆ ತಲುಪಿದರೆ ಸಾಕು ಎನ್ನುವವನು ನಾನು.

ಆ ಸಲದ ಕಾರ್ಯಕ್ರಮ ಮಾನ್ವಿಯ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ. ಮಾಲೀಕರಾದ ಬಸಣ್ಣ ಸಾಹುಕಾರರು ತಂದೆಯ ಪುಣ್ಯತಿಥಿಗೆ ಮಲ್ಲಟದ ಶರಣಮ್ಮನವರ ವಚನ ಗಾಯನ ಇಟ್ಟುಕೊಂಡಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಶರಣಮ್ಮ ಜನರ ಮುಂದೆ ಹಾಡುತ್ತಿದ್ದುದು ಅದೇ ಮೊದಲು. ಬೆಳಿಗ್ಗೆಯೇ ಅವರ ಮಗಳು ಗಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾರ, ಅವ್ವ ದನಿ ಏರಸಬಾರದಂತ್ರಿ. ಏರಿಸಿದ್ರ ಇದ್ದದ್ದೂ ಹೋಗ್ತದಂತ ಡಾಕ್ಟರ್ ಹೇಳ್ಯಾರ."

ಗೋದಾಮಿಗೆ ತಗಡಿನ ಚಾವಣಿ, ಬೋಳು ಗೋಡೆ. ಪುಣ್ಯಕ್ಕೆ ಮೂರೂ ಬದಿ ಅಕ್ಕಿ ಚೀಲ ಒಟ್ಟಿದ್ದರು. ಚೀಲಗಳು ಸದ್ದನ್ನು ನುಂಗುತ್ತವೆ, ಗೋಡೆಯ ಹಾಗೆ ತಿರುಗಿ ಎಸೆಯುವುದಿಲ್ಲ. ಅದನ್ನೇ ನಂಬಿ ಸ್ಪೀಕರ್‌ಗಳ ದಿಕ್ಕು, ಆಂಪ್ಲಿಫೈಯರ್‌ಗಳ ಮಟ್ಟ ಹೊಂದಿಸಿದೆ. ಶರಣಮ್ಮ ಮೆಲ್ಲಗೆ ಒಂದು ಸಾಲು ಹಾಡಿ ನೋಡಿದರು. ಕೊನೆಯ ಮೂಲೆಯಲ್ಲೂ ಸ್ಪಷ್ಟವಾಗಿ ಕೇಳಿತು. ನಿಶ್ಚಿಂತೆಯಿಂದ ಊಟಕ್ಕೆ ಹೋದೆ.

ತಿರುಗಿ ಬಂದು ನೋಡುತ್ತೇನೆ, ಒಂದೇ ಒಂದು ಚೀಲವಿಲ್ಲ! ಆ ಜಾಗದಲ್ಲೆಲ್ಲ ಜಮಖಾನೆ ಹಾಸಿ ಜನ ಕುಳಿತಿದ್ದರು. ಸಾಹುಕಾರರು ನಗುತ್ತ ಬಂದರು.

"ಮಂದಿ ಭಾಳ ಬಂದಾರ. ಚೀಲ ಎಲ್ಲಾ ಲಾರಿಗೆ ಹೇರಿಸಿ ಕಳಿಸಿದೆ. ಈಗ ಚಲೋ ಆತಿಲ್ರಿ?"

ಬಂದವರು ನಿಂತು ಕೇಳಬಾರದು ಎಂಬ ಅವರ ಮರ್ಯಾದೆಗೆ ಏನೆಂದು ಬೈಯಲಿ? ಸಿಟ್ಟು ನುಂಗಿಕೊಂಡು ಮೈಕಿನ ಮಟ್ಟ ಏರಿಸಿದೆ. ಕುಂಯ್ ಎಂದು ಕಿರುಚಿತು. ಸ್ಪೀಕರಿನ ಸದ್ದು ಗೋಡೆಗೆ ಬಡಿದು ಮೈಕಿಗೆ ಮರಳಿ, ಮತ್ತೆ ಆಂಪ್ಲಿಫೈಯರ್ ಸೇರಿ ಸುತ್ತುತ್ತಿತ್ತು. ಇದನ್ನೇ ಫೀಡ್‌ಬ್ಯಾಕ್ ಎನ್ನುತ್ತೇವೆ. ಕಿರುಚುವ ಸ್ವರಗಳನ್ನು ಈಕ್ವಲೈಸರಿನಲ್ಲಿ ಒಂದೊಂದಾಗಿ ತಗ್ಗಿಸಿದೆ. ಸಾಲಲಿಲ್ಲ. ವೇದಿಕೆಯ ಮೇಲೆ ಶರಣಮ್ಮ ಗಂಟಲು ನೀವಿಕೊಳ್ಳುತ್ತಿದ್ದರು.

ಉಳಿದದ್ದು ಒಂದೇ ದಾರಿ. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಅವರ ಮುಂದಿಡುವ ಮಾನಿಟರ್ ಸ್ಪೀಕರ್ ಮೈಕಿಗೆ ತೀರ ಹತ್ತಿರ. ಅದನ್ನು ನಿಲ್ಲಿಸಿದರೆ ಸಭೆಯ ಕಡೆಯ ಸ್ಪೀಕರ್‌ಗಳ ಮಟ್ಟ ಏರಿಸಬಹುದು. ಆದರೆ ತಮ್ಮ ದನಿ ತಮಗೇ ಕೇಳದಿದ್ದರೆ ಯಾರೇ ಆಗಲಿ ಜೋರು ಮಾಡುತ್ತಾರೆ. ನನಗೆ ಭಯವಿದ್ದದ್ದು ಅದೇ.

"ಯವ್ವಾ, ಈ ಪೆಟ್ಟಿಗಿ ಬಂದ್ ಮಾಡ್ತೀನ್ರಿ. ನಿಮಗ ಸರಿ ಕೇಳಂಗಿಲ್ಲ, ಮಂದಿಗೆ ಕೇಳ್ತದ. ದನಿ ಏರಸಬ್ಯಾಡ್ರಿ," ಎಂದೆ.

"ನನಗ ಕೇಳಲಾರದ್ದು ಅವರಿಗೆ ಮುಟ್ಟತದಂತ ಹೆಂಗ ನಂಬ್ಲೆಪ್ಪಾ?" ಎಂದರು ಶರಣಮ್ಮ.

ವೇದಿಕೆಯ ಪಕ್ಕದಲ್ಲಿದ್ದ ಗಂಗಮ್ಮ ಹೇಳಿದಳು: "ಅವ್ವಾ, ನಾ ಕಡೀಕ ಹೋಗಿ ನಿಂದರ್ತೀನಿ. ಕೇಳಿದ್ರ ಕೈ ಎತ್ತತೀನಿ. ಕೈ ಮ್ಯಾಲಿರೋತನಾ ನೀ ಮೆತ್ತಗ ಹಾಡು."

ಮಾನಿಟರ್ ಬಂದ್ ಮಾಡಿದೆ. ಮೊದಲ ಸಾಲಿಗೇ ಶರಣಮ್ಮನವರ ಕುತ್ತಿಗೆಯ ನರ ಉಬ್ಬಿತು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ದೂರದ ಬಾಗಿಲ ಬಳಿ ಕೈ ಮೇಲೆದ್ದಿತು. ಅದನ್ನೇ ನೋಡುತ್ತ ಅವರು ದನಿ ಇಳಿಸಿದರು, ಇನ್ನೂ ಇಳಿಸಿದರು. ಕೈ ಇಳಿಯಲಿಲ್ಲ. ನಾನೂ ಸದ್ದಿನ ಮಟ್ಟ ತೋರಿಸುವ ಮಿಕ್ಸರಿನ ದೀಪಗಳನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ಹಾಡುಗಳು ಸಾಗಿದಂತೆ ಗಂಗಮ್ಮನ ತೋಳು ಸೋಲತೊಡಗಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಯಾಕೆಂದು ಕೇಳಿ ತಿಳಿದುಕೊಂಡು, ಅವಳನ್ನು ಕೂಡಿಸಿ ತಾನು ಕೈ ಎತ್ತಿದಳು. ಆಮೇಲೆ ಮತ್ತೊಬ್ಬಳು.

ಕೊನೆಯ ವಚನ ಮುಗಿದಾಗಲೂ ಶರಣಮ್ಮನವರ ದನಿ ಬೆಳಗಿನಂತೆಯೇ ಇತ್ತು. ನನಗೆ ಕಣ್ಣು ತುಂಬಿ ಬಂತು.

ಹಾಲ್ ಬದಲಾದರೆ ಟ್ಯೂನಿಂಗ್ ಬದಲಾಗಬೇಕೆಂಬುದು ನನಗೆ ಮೊದಲೇ ಗೊತ್ತಿತ್ತು. ಹಾಡುವವರಿಗೆ ಸದ್ದಿಗಿಂತ ಮೊದಲು ಬೇಕಿರುವುದು ತಮ್ಮ ದನಿ ತಲುಪಿತು ಎಂಬ ಧೈರ್ಯ. ಇದನ್ನು ಅಂದು ಕಲಿತೆ. ಆ ಧೈರ್ಯ ಕೊಡುವ ಯಂತ್ರ ನನ್ನ ಬಳಿ ಇಲ್ಲ. ಹಾಗಾಗಿ ಈಗ ವಯರ್ ಎಳೆಯುವ ಮೊದಲೇ ಹಾಡುವವರನ್ನು ಒಂದು ಮಾತು ಕೇಳುತ್ತೇನೆ: "ಕಡೀ ಸಾಲಿನ್ಯಾಗ ನಿಮ್ಮವರು ಯಾರು ಕುಂದರ್ತಾರ್ರಿ?"