ಎರಡು ನಿಮಿಷ ತಡವಾದ ಆಜಾನ್

ಫೆಬ್ರವರಿ 8, ಭಾನುವಾರ, ಬೆಳಗ್ಗೆ 10.20. ಕೊಪ್ಪ.

ಇವತ್ತು ಬರೆಯಲು ಕೂತದ್ದು ಒಂದು ಫೋಟೋದ ಸಲುವಾಗಿ. ಫೋಟೋ ನನ್ನದು. ಅದು ಯಾರ ಕೈಯಲ್ಲಿದೆ ಎಂದು ನನಗೆ ಗೊತ್ತಿಲ್ಲ.

ಮುಸ್ಲಿಮರ ಮದುವೆ ಆಪ್ ಒಂದಕ್ಕೆ ನಾನು ಸೇರಿದ್ದು ಡಿಸೆಂಬರ್ ಮೊದಲ ವಾರ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಎಲ್ಲವನ್ನೂ ಗೆರೆ ಎಳೆದು ಬರೆದಿಡುವ ಚಾಳಿ. ಬಂದ ಪ್ರಸ್ತಾಪಗಳು ಇಪ್ಪತ್ತಮೂರು. ಮನೆಯವರ ನಂಬರ್ ಕೇಳಿದ ಕೂಡಲೇ ಮಾಯವಾದವರು ಒಂಬತ್ತು. ಮೊದಲ ದಿನವೇ ಆಪ್ ಬಿಟ್ಟು ವಾಟ್ಸಾಪ್‌ಗೆ ಬನ್ನಿ ಎಂದವರು ಏಳು. ಉಳಿದ ಏಳು ಜನರಲ್ಲಿ ಒಬ್ಬನಿಗೆ ಮಾತ್ರ ನೋಟ್‌ಬುಕ್ಕಿನ ಪೂರ್ತಿ ಪುಟ ಕೊಟ್ಟಿದ್ದೆ.

ಊರು ನರಸಿಂಹರಾಜಪುರ, ಕೆಲಸ ಮಸ್ಕತ್‌ನಲ್ಲಿ ಎಂದಿದ್ದ. ಜನವರಿಯಲ್ಲಿ ಹನ್ನೊಂದು ಸಲ ಆಪ್‌ನಲ್ಲೇ ಕರೆ ಮಾಡಿದ. ಪುಟದ ಬಲಕ್ಕೆ ಅನುಮಾನಗಳು: ರೂಮಿನಲ್ಲಿ ಆರು ಜನ ಇದ್ದಾರೆ, ವೀಡಿಯೋ ಬೇಡ ಎನ್ನುತ್ತಾನೆ, ಅಣ್ಣನನ್ನು ಚಾಟ್‌ಗೆ ಸೇರಿಸುತ್ತೇನೆ ಎಂದರೆ ಸ್ವಲ್ಪ ದಿನ ಹೋಗಲಿ ಎನ್ನುತ್ತಾನೆ. ಎಡಕ್ಕೆ ಒಳ್ಳೆಯದು: ಆಜಾನ್ ಕೇಳಿದರೆ ಮಾತು ನಿಲ್ಲಿಸುತ್ತಾನೆ. ಈ ಒಂದು ಸಾಲಿಗೆ ಸೋತು, 24ರಂದು, ಅಲ್ಲಿಯವರೆಗೆ ಆಪ್‌ನಲ್ಲಿ ಮಸುಕಾಗಿಸಿಟ್ಟಿದ್ದ ನನ್ನ ಫೋಟೋವನ್ನು ಅವನಿಗೆ ಸ್ಪಷ್ಟವಾಗಿ ತೋರಿಸಿದೆ.

27ರ ಸಂಜೆ ಅಮ್ಮಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಹೆಮ್ಮೆಯಿಂದ ಹೇಳಿದೆ, "ನಮ್ಮ ಮಸೀದೀದು ಶುರುವಾದ್ರೆ ನಾನು ಸುಮ್ನಾಗ್ತೇನೆ. ಎರಡು ನಿಮಿಷಕ್ಕೆ ಅವನ ಕಡೇದು ಶುರುವಾಗ್ತದೆ, ಆಗ ಅವನು ಸುಮ್ನಾಗ್ತಾನೆ. ಆರು ಸಲ ಬರ್ದಿಟ್ಟಿದ್ದೇನೆ ಅಮ್ಮಿ."

ಅಮ್ಮಿಯ ಕೈ ನಿಂತಿತು. "ಯಾವ ಹೊತ್ತಿನದ್ದು?"

"ಮಗ್ರಿಬ್."

"ಮಸ್ಕತ್‌ನಲ್ಲಿ ಸೂರ್ಯ ನಮ್ಮ ಜೊತೆಗೇ ಮುಳುಗ್ತಾನೇನೆ? ನಿನ್ನ ಮಾಮ ಅಲ್ಲಿ ಹನ್ನೆರಡು ವರ್ಷ ಇದ್ದ. ನಮಗೆ ಮಗ್ರಿಬ್ ಆಗುವಾಗ ಅವನಿಗೆ ಇನ್ನೂ ಬಿಸಿಲು. ಅಷ್ಟುದ್ದ ಬರ್ದಿದ್ದೀಯಲ್ಲ ಮಾರಾಯ್ತಿ, ಇದೊಂದು ತಲೆಗೆ ಹೋಗ್ಲಿಲ್ವಾ?"

ಹೋಗಿರಲಿಲ್ಲ. ಆರು ಸಲ ಗಡಿಯಾರ ನೋಡಿದ್ದೆ, ಒಂದು ಸಲವೂ ಲೆಕ್ಕ ಹಾಕಿರಲಿಲ್ಲ. ನಮ್ಮಲ್ಲಿ ಆರು ಇಪ್ಪತ್ತೈದಾದರೆ ಅಲ್ಲಿ ಇನ್ನೂ ಐದಾಗಿರುವುದಿಲ್ಲ.

ಮರುದಿನ ಅವನನ್ನೇ ಕೇಳಿದೆ. ನಕ್ಕ. "ಅದು ಫೋನಿನ ಆಜಾನ್. ಊರು ನೆನಪಾಗ್ಲಿ ಅಂತ ಊರಿನ ಟೈಮಿಗೆ ಇಟ್ಟಿದ್ದೇನೆ."

ಉತ್ತರ ಚೆನ್ನಾಗಿತ್ತು. ನಂಬಿಯೂ ಬಿಡುತ್ತಿದ್ದೆ. ಆದರೆ 19ರ ಸಾಲಿನಲ್ಲಿ ನಾನೇ ಬರೆದಿದ್ದೆ: 'ಅವರ ಕಡೆ ಆಜಾನ್ ಕೊಡುವ ಹಿರಿಯರಿಗೆ ಕೆಮ್ಮು, ನಡುವೆ ಒಮ್ಮೆ ನಿಂತಿತು.' ಫೋನಿನ ಆಜಾನ್ ಕೆಮ್ಮುವುದಿಲ್ಲ.

ಆ ವಾರದ ಶುಕ್ರವಾರ ಅಣ್ಣ ನರಸಿಂಹರಾಜಪುರಕ್ಕೆ ಹೋಗಿ, ನಮಾಜ್ ಮುಗಿಸಿ ಹೊರಬಂದ ಹಿರಿಯರೊಬ್ಬರಿಗೆ ಆಪ್‌ನಲ್ಲಿದ್ದ ಅವನ ಫೋಟೋ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, "ಹುಡುಗ ನಮ್ಮವನೇ, ಮಸ್ಕತ್‌ನಲ್ಲೇ ಇರೋದು. ಸಂಬಂಧ ಕೇಳ್ಲಿಕ್ಕೆ ನಾಲ್ಕು ವರ್ಷ ತಡ ಮಾಡಿದ್ರಲ್ಲ ಮಾರಾಯ್ರೇ, ಅವನಿಗೊಂದು ಮಗು ಉಂಟು" ಎಂದರಂತೆ. ಅಣ್ಣ ಆ ಹುಡುಗನ ನಂಬರ್ ತಂದ. ಸಂಜೆ ನಾನೇ ಮಾತಾಡಿದೆ. ದನಿ ಬೇರೆ. ಆ ಆಪ್‌ನ ಹೆಸರೂ ಅವನಿಗೆ ಗೊತ್ತಿಲ್ಲ, ಅಲ್ಲಿ ತನ್ನ ಫೋಟೋ ಇದ್ದದ್ದೂ ಗೊತ್ತಿಲ್ಲ. ಗಾಬರಿಯಲ್ಲಿ ಹೆಂಡತಿಗೆ ಹೇಳಬೇಡಿ ಎಂದ, ಮರುಗಳಿಗೆಗೆ ತಾನೇ ಹೇಳುತ್ತೇನೆ ಎಂದ.

ಆಪ್ ತೆರೆದು ನೋಡಿದರೆ ನನ್ನೊಡನೆ ಮಾತಾಡುತ್ತಿದ್ದವನ ಖಾತೆ ಮಾಯವಾಗಿತ್ತು. ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ ಆಪ್‌ನವರಿಗೂ ಪೊಲೀಸರಿಗೂ ದೂರು ಕೊಟ್ಟಿದ್ದೇನೆ.

ಮಸ್ಕತ್‌ನ ಹುಡುಗನ ಊರು, ಕೆಲಸ, ಫೋಟೋ ಎಲ್ಲ ಬಲ್ಲವನು ದೂರದವನಲ್ಲ. ಈಗ ಲ್ಯಾಬಿನ ಕೌಂಟರಿನಲ್ಲಿ ಯಾವ ಗಂಡಸು ಹೆಸರು ಹೇಳಿದರೂ ನಾನು ಮುಖ ನೋಡುವ ಮೊದಲು ದನಿ ಕೇಳುತ್ತೇನೆ. ಅಣ್ಣ ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ಮಗ್ರಿಬ್ ಹೊತ್ತಿಗೆ ನಿಂತು ಕೇಳಿ ಬಂದ. ಆ ಕೆಮ್ಮು ಎರಡೂ ಕಡೆ ಇಲ್ಲ.

ಕೊಪ್ಪದ ಮಗ್ರಿಬ್ ಶುರುವಾಗಿ ಎರಡು ನಿಮಿಷಕ್ಕೆ, ವಯಸ್ಸಾದ ದನಿಯಲ್ಲಿ, ನಡುವೆ ಕೆಮ್ಮುತ್ತಾ ಆಜಾನ್ ಕೊಡುವ ಜಾಗ ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಆ ಹಿರಿಯರ ಮೇಲೆ ನನಗೆ ಯಾವ ದೂರೂ ಇಲ್ಲ. ಆ ಹೊತ್ತಿಗೆ ಅಲ್ಲಿ ಫೋನ್ ಕಿವಿಗಿಟ್ಟು ಒಮ್ಮೆಲೇ ಸುಮ್ಮನಾಗುವವನು ಯಾರೆಂದು ಗೊತ್ತಿದ್ದರೆ, ಅದನ್ನೂ ಬರೆಯಿರಿ.